ಒಂದೂ ಚಿಕ್ಕಿ ಇಲ್ಲದ ಕರಿಬಟ್ಟೆ

ಮುಂಬಯಿಯ ಮೊದಲ ಮಳೆಯನ್ನು ಹೊಗಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವರೆಲ್ಲ ಕಿಟಕಿಯ ಒಳಗೆ ಚಹಾ ಹಿಡಿದು ನಿಂತವರು. ನಾನು ಮುಲುಂಡ್ ಸ್ಟೇಷನ್ನಿನ ಮೆಟ್ಟಿಲ ಮೇಲೆ, ಹಿಂದಿನವನ ಬ್ಯಾಗು ಬೆನ್ನಿಗೆ, ಮುಂದಿನವಳ ಕೊಡೆಯ ಕಡ್ಡಿ ಕಣ್ಣಿಗೆ ಅಂತ ನಿಂತವಳು. ಈ ವರ್ಷವೂ ಹಾಗೇ ಆಯಿತು. ಲೋಕಲ್ ಇಳಿದದ್ದೇ ತಡ, ಸುರಿಯಿತು. ಬ್ಯಾಗಿನ ತಳದಲ್ಲಿದ್ದ ಹಳೆಯ ಕೊಡೆ ಎಳೆದು ಬಿಚ್ಚಿದೆ. ದಪ್ಪ ಕರಿಬಟ್ಟೆಯದೂ ಜೇನುಮೇಣದ್ದೂ ವಾಸನೆ ಒಟ್ಟಿಗೆ ಬಂತು. ಹಿಂದಿನವರು "ಚಲೋ ಚಲೋ, ಮೇಡಮ್" ಎಂದು ದೂಡುತ್ತಿದ್ದರೂ ನಾನು ಕತ್ತೆತ್ತಿ ಕೊಡೆಯ ಒಳಮೈ ನೋಡುತ್ತ ನಿಂತುಬಿಟ್ಟೆ. ಒಂದೇ ಒಂದು ತೂತಿಲ್ಲ. ನಾಲ್ಕು ವರ್ಷದ ಹಿಂದೆ ಕೊಡೆ ರಿಪೇರಿಯ ಶಿವಲಿಂಗಪ್ಪ ಹೊಲಿದು ಕೊಟ್ಟದ್ದು. ಆ ವರ್ಷದ ಮಳೆಗಾಲ ನೆನಪಾದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಅಪ್ಪ ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಂತು, ಮುಲುಂಡ್‌ನಲ್ಲಿ ಎರಡು ಕೋಣೆಯ ಮನೆ ಮಾಡಿ, ಅದರಲ್ಲಿ ನೆಮ್ಮದಿಯಾಗಿ ಕೂರುವ ಮೊದಲೇ ತೀರಿಕೊಂಡರು. ಆಮೇಲೆ ಅಮ್ಮ ಮತ್ತು ನಾನು. ನಮ್ಮ ಸೊಸೈಟಿಯಲ್ಲಿ ಎ, ಬಿ, ಸಿ, ಡಿ ಎಂದು ನಾಲ್ಕು ವಿಂಗ್. ಆ ನಾಲ್ಕು ಟೆರೇಸು ನೋಡಿಯೇ ನನ್ನ ತಲೆ ಕೆಟ್ಟದ್ದು.

ವಿಷಯ ಇಷ್ಟೇ. ಆಕಾಶದ ಯಾವುದೋ ಮೂಲೆಯಿಂದ ಒಂದು ಕಣ ಊಹೆಗೆ ಸಿಗದಷ್ಟು ಶಕ್ತಿ ಹೊತ್ತು ಬರುತ್ತದೆ. ಹತ್ತಿಪ್ಪತ್ತು ಕಿಲೋಮೀಟರ್ ಮೇಲೆಯೇ ಗಾಳಿಗೆ ಬಡಿದು ಚೂರಾಗುತ್ತದೆ. ಆ ಚೂರುಗಳು ಮತ್ತೆ ಬಡಿದು ಮತ್ತಷ್ಟು ಚೂರು. ನೆಲ ಮುಟ್ಟುವಾಗ ಲಕ್ಷಗಟ್ಟಲೆ ಕಣಗಳ ಒಂದು ಸುರಿಮಳೆ, ಕಣ್ಣು ಮಿಟುಕಿಸುವುದಕ್ಕೂ ಎಷ್ಟೋ ಮೊದಲೇ ಬಿದ್ದು ಮುಗಿದಿರುತ್ತದೆ. ಬಂದ ಕಣದ ಶಕ್ತಿ ಹೆಚ್ಚಾದಷ್ಟೂ ಸುರಿಮಳೆ ಅಗಲ, ಹಾಗೆಯೇ ಅಪರೂಪ. ತೀರಾ ದೊಡ್ಡದು ಒಂದು ಚದರ ಕಿಲೋಮೀಟರಿಗೆ ನೂರು ವರ್ಷಕ್ಕೊಂದು ಬಂದರೆ ಪುಣ್ಯ. ಅದನ್ನು ಹಿಡಿಯಲು ಊರಗಲ ಬಲೆ ಬೇಕು. ಮುಲುಂಡ್‌ನಿಂದ ಠಾಣೆಯವರೆಗೆ ಟೆರೇಸಿನಿಂದ ಟೆರೇಸಿಗೆ ಪೆಟ್ಟಿಗೆ ಇಡುತ್ತ ಹೋದರೆ ಹೇಗೆ ಎಂದು ನಾನು ನನ್ನ ಪಿಎಚ್.ಡಿ. ಮಾರ್ಗದರ್ಶಕರಾಗಿದ್ದ ಸರ್ ಅವರನ್ನು ಕೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, "ಮೊದಲು ನಾಲ್ಕು ಇಡಿ. ಮಳೆಗಾಲ ಮುಗಿಯುವುದರೊಳಗೆ ಅವು ನೆಟ್ಟಗೆ ಕೆಲಸ ಮಾಡಿದರೆ ಇನ್ನು ಹನ್ನೆರಡು ಕೊಡಿಸುತ್ತೇನೆ" ಎಂದರು.

ಮಳೆಗಾಲದಲ್ಲಿ, ಮುಂಬಯಿಯಲ್ಲಿ, ಟೆರೇಸಿನ ಮೇಲೆ, ಕರೆಂಟಿನ ಪೆಟ್ಟಿಗೆ! ಒಪ್ಪಿಕೊಂಡ ನನ್ನ ಬುದ್ಧಿಗೆ ಏನು ಹೇಳಲಿ.

ಮೊದಲ ಅಡ್ಡಗಾಲು ಸೊಸೈಟಿಯ ಸೆಕ್ರೆಟರಿಯದು. ಪೆಟ್ಟಿಗೆಯಿಂದ ಕಿರಣ ಬರುತ್ತದೆ, ಮಕ್ಕಳಿಗೆ ಕಾಯಿಲೆಯಾಗುತ್ತದೆ ಎಂದು ತಕರಾರು. ನಾವು ಕಿರಣ ಬಿಡುವವರಲ್ಲ, ಎಣಿಸುವವರು, ಅದು ಹೇಗೂ ಎಲ್ಲರ ತಲೆಯ ಮೇಲೆ ಬೀಳುತ್ತಲೇ ಇದೆ ಎಂದೆ. "ಅಂದ್ರೆ ಬೀಳ್ತಾ ಇದೆ ಅಂತ ನೀವೇ ಒಪ್ತೀರಿ!" ಎಂದು ಆತ ಅದನ್ನೇ ಬರೆದುಕೊಂಡ. ಮೂರು ಮೀಟಿಂಗ್ ಆದವು. ಕೊನೆಗೆ ಅಮ್ಮ ಅವನ ಮನೆಗೆ ಎರಡು ಸಲ ಪತ್ರೊಡೆ ಕಳಿಸಿದ ಮೇಲೆ ಒಪ್ಪಿಗೆಯ ಕಾಗದ ಬಂತು. ವಿಜ್ಞಾನದ ವಾದಕ್ಕೆ ಆಗದ್ದು ಕೆಸುವಿನೆಲೆಗೆ ಆಯಿತು.

ಎರಡನೆಯದು ಕತ್ತಲೆ. ಪೆಟ್ಟಿಗೆಯೊಳಗೆ ಒಂದು ವಿಶೇಷ ಪ್ಲಾಸ್ಟಿಕ್ ಹಲಗೆ ಇರುತ್ತದೆ. ಕಣವೊಂದು ಅದರ ಮೂಲಕ ಹಾದರೆ ಚೂರೇ ಚೂರು ಮಿನುಗುತ್ತದೆ, ಆ ಮಿನುಗನ್ನು ಒಂದು ನಳಿಗೆ ಹಿಡಿದು ಎಣಿಸುತ್ತದೆ. ಸೂಜಿಮೊನೆಯಷ್ಟು ಹೊರಬೆಳಕು ನುಗ್ಗಿದರೂ ನಳಿಗೆಗೆ ಹುಚ್ಚು ಹಿಡಿದ ಹಾಗೆ. ಮೊದಲು ಸುತ್ತಿದ್ದ ಕಪ್ಪು ಕಾಗದ ಒಂದೇ ವಾರದ ತೇವಕ್ಕೆ ನೆನೆದ ಹಪ್ಪಳದಂತೆ ಹರಿಯಿತು.

ಆ ವಾರವೇ ಬೈಕುಲ್ಲಾದಲ್ಲಿ ನನ್ನ ಕೊಡೆಯೂ ಮುರಿಯಿತು. ಸೇತುವೆಯ ಕೆಳಗೆ ನೀಲಿ ಪ್ಲಾಸ್ಟಿಕ್ ಕಟ್ಟಿಕೊಂಡು, ಕಡ್ಡಿ ಕತ್ತರಿ ನೂಲುಂಡೆ ಹರಡಿಕೊಂಡು ಒಬ್ಬ ಐವತ್ತರ ಮನುಷ್ಯ ಕೂತಿದ್ದ. ಕೊಡೆ ಬಿಚ್ಚಿ, ಬಿಸಿಲಿಗೆ ಹಿಡಿದು, ತಲೆಯನ್ನು ಒಳಗೆ ತೂರಿಸಿ ಎಣಿಸತೊಡಗಿದ: "ಒಂದ, ಎರಡ, ಮೂರ... ಒಂಬತ್ತ ಚಿಕ್ಕಿ." ನಾನು ಹಿಂದಿಯಲ್ಲಿ ಬಾಯಿ ತೆರೆದವಳು ಅಲ್ಲೇ ಕನ್ನಡಕ್ಕೆ ಹೊರಳಿದೆ. "ಏನು ಎಣಿಸ್ತಾ ಇದ್ದೀರಿ?"

"ತೂತ ರೀ. ಒಳಗಿಂದ ನೋಡಿದ್ರ ಚಿಕ್ಕಿ ಕಂಡಂಗ ಕಾಣತಾವು. ಅವನ್ನ ಮುಚ್ಚಲಿಲ್ಲಂದ್ರ ಎಷ್ಟ ಹೊಲದ್ರೂ ದಂಡ."

ವಿಜಾಪುರದ ಕಡೆಯ ಶಿವಲಿಂಗಪ್ಪ; ಅಲ್ಲಿ ನಕ್ಷತ್ರಕ್ಕೆ ಚಿಕ್ಕಿ ಎನ್ನುತ್ತಾರೆ. ಮರುದಿನವೇ ಅವನನ್ನು ಮುಲುಂಡ್‌ಗೆ ಕರೆತಂದೆ. ಅವನು ಪೆಟ್ಟಿಗೆಯ ಅಳತೆ ತೆಗೆದು, ಎರಡು ಪದರ ಕರಿಬಟ್ಟೆಗೆ ನಡುವೆ ರಬ್ಬರ್ ಹಾಳೆ ಕೊಟ್ಟು, ನೂಲಿಗೆ ಜೇನುಮೇಣ ಉಜ್ಜಿ, ನಾಲ್ಕು ಹೊದಿಕೆ ಹೊಲಿದ. ಆಮೇಲೆ ಪ್ರತಿಯೊಂದನ್ನೂ ನಡುಮಧ್ಯಾಹ್ನ ಟೆರೇಸಿನಲ್ಲಿ ತಾನೇ ಹೊದ್ದುಕೊಂಡು ಕಾಲು ಗಂಟೆ ಕೂತ. ಬಟ್ಟೆ ಒಣಹಾಕಲು ಬಂದ ಹೆಂಗಸರು ಕಿರುಚಿಕೊಂಡು ಕೆಳಗೆ ಓಡಿದರು. ಬೆವರಿನಿಂದ ತೊಯ್ದು ಹೊರಬಂದು, "ಕಣ್ಣ ಕತ್ತಲಿಗೆ ಒಗ್ಗಬೇಕ ಅಕ್ಕೋರ, ಅಲ್ಲೀತನಕಾ ಚಿಕ್ಕಿ ಕಾಣೂದಿಲ್ಲ. ಈಗ ನೋಡೀನಿ. ಒಂದೂ ಇಲ್ಲ" ಎಂದ. ಟೀಚರು ಎಂದು ಗೊತ್ತಾದಾಗಿನಿಂದ ನಾನು ಅವನಿಗೆ ಅಕ್ಕೋರು.

ಪೆಟ್ಟಿಗೆ ಯಾತಕ್ಕೆ ಎಂದು ಕೇಳಿದ. ಹೇಳಿದೆ. ಮೋಡವಿಲ್ಲದ ಮಳೆ, ಛತ್ರಿ ದಾಟಿ, ನಮ್ಮ ಮೈ ದಾಟಿ, ಮಾಳಿಗೆ ದಾಟಿ ಹೋಗುತ್ತದೆ ಎಂದೆ. "ಹಂಗಾದ್ರ ಆ ಮಳೀಗೆ ನನ್ನಂಥವನ ಕೆಲಸಿಲ್ಲ ಬಿಡ್ರಿ" ಎಂದು ನಕ್ಕ.

ಆದರೆ ಅವನಿಗೆ ಕೆಲಸ ಇತ್ತು. ಮುಂದಿನ ಹನ್ನೆರಡು ಪೆಟ್ಟಿಗೆಗೂ ಅವನೇ ಹೊಲಿಯುವುದು, ಕಾಲೇಜಿನ ವರ್ಕ್‌ಶಾಪಿನಲ್ಲಿ ಕೂತು ಹೊಲಿಯುವುದು ಎಂದು ಸರ್ ಒಪ್ಪಿದ್ದರು. ಸೇತುವೆಯ ಕೆಳಗೆ ಅವನಿಗೆ ನೆಲೆಯಿರಲಿಲ್ಲ. ಮುನಿಸಿಪಾಲಿಟಿಯ ಗಾಡಿ ಬಂತೆಂದರೆ ಗಂಟು ಕಟ್ಟಿ ಓಡಬೇಕು, ಸಿಕ್ಕರೆ ಸಾಮಾನು ಹೋಯಿತು. "ತಲಿ ಮ್ಯಾಲ ಒಂದ ಸೂರು, ಕುಂದ್ರಾಕ ಒಂದ ಕುರ್ಚಿ. ಊರಾಗ ಹೆಂಡ್ತಿಗೆ ಫೋನ್ ಮಾಡಿ ಹೇಳೀನ್ರಿ ಅಕ್ಕೋರ" ಎಂದಿದ್ದ. ಮಳೆಗಾಲವೇ ಅವನ ಸುಗ್ಗಿ. ಆ ಸುಗ್ಗಿಯ ದಿನಗಳನ್ನೇ ಬಿಟ್ಟು ಅವನು ನನ್ನ ಟೆರೇಸಿಗೆ ಬರುತ್ತಿದ್ದ.

ಪೆಟ್ಟಿಗೆಗಳು ಓಡತೊಡಗಿದವು. ನನ್ನ ಕಂಪ್ಯೂಟರು ಮನೆಯಲ್ಲೇ, ಅಮ್ಮನ ದೇವರ ಗೂಡಿನ ಪಕ್ಕ. ನಾಲ್ಕೂ ಪೆಟ್ಟಿಗೆ ಒಂದೇ ಕ್ಷಣದಲ್ಲಿ ಮಿನುಗು ಕಂಡರೆ ಅದು ಸುರಿಮಳೆ, ಆಗ ಪೀಂ ಎನ್ನಬೇಕು. ಮೂರನೆಯ ದಿನ ಬೆಳಿಗ್ಗೆ ಆರಕ್ಕೆ ಪೀಂ ಎಂದಿತು. ನಾನು ಹಾಸಿಗೆಯಿಂದ ಹಾರಿದೆ. ಪೀಂ, ಪೀಂ, ಪೀಂ. ಐದು ನಿಮಿಷದಲ್ಲಿ ನೂರಾರು! ನೂರು ವರ್ಷಕ್ಕೊಂದು ಬರುವುದು ಮುಲುಂಡ್‌ಗೆ ಬಸ್ಸು ಬಂದ ಹಾಗೆ ಬರುತ್ತಿದೆ! ಮರುದಿನವೂ ಆರಕ್ಕೆ ಅದೇ ಅರಚಾಟ. ಅದರ ಮರುದಿನವೂ.

ಜೂನ್‌ನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಆರರ ಹೊತ್ತಿಗೆ. ಆರಕ್ಕೆ ಬೆಳಕು, ಆರಕ್ಕೆ ಅರಚಾಟ. ಇನ್ನೇನು ಬೇಕು? ಬೆಳಕು ಸೋರುತ್ತಿದೆ ಎಂದು ತೀರ್ಮಾನಿಸಿದೆ. ಬೆಳಕು ಸೋರಿದರೆ ಒಂದೊಂದು ಪೆಟ್ಟಿಗೆ ತನ್ನ ಪಾಡಿಗೆ ಅರಚಬೇಕು, ನಾಲ್ಕೂ ಒಂದೇ ಕ್ಷಣಕ್ಕೆ ಯಾಕೆ? ಇದು ನನಗೆ ಹೊಳೆಯಲಿಲ್ಲವೇ? ಹೊಳೆಯಿತು. ಎಲ್ಲವೂ ಅಷ್ಟೊಂದು ಅರಚುವಾಗ ಕೆಲವು ಆಕಸ್ಮಿಕವಾಗಿ ಕೂಡಿಬರುತ್ತವೆ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಓದಿದವರಿಗೆ ನೆಪಕ್ಕೆ ಬರವಿಲ್ಲ.

ಶಿವಲಿಂಗಪ್ಪನನ್ನು ಕರೆಸಿದೆ. ಬಿಚ್ಚಿ ಮತ್ತೆ ಹೊಲಿದ. ಅರಚಾಟ ನಿಲ್ಲಲಿಲ್ಲ. ಜುಲೈಯಲ್ಲಿ ಇನ್ನೊಮ್ಮೆ. ಆ ದಿನ ಎಂಥ ಮಳೆಯೆಂದರೆ ಹಳಿಯಲ್ಲಿ ನೀರು ನಿಂತು ಲೋಕಲ್ ಅರ್ಧ ದಾರಿಯಲ್ಲೇ ನಿಂತಿತ್ತು. ಹೊಲಿಗೆಯ ಚೀಲ ತಲೆಯ ಮೇಲೆ ಹೊತ್ತು ಮೂರು ಸ್ಟೇಷನ್ ನಡೆದುಕೊಂಡೇ ಬಂದ. ಅಮ್ಮ ಅವನಿಗೆ ಒಣ ಟವೆಲು ಕೊಟ್ಟು, ಗಂಜಿ ಬಡಿಸಿ, ನನಗೆ ಕೇಳುವ ಹಾಗೆ, "ಪಾಪ, ಮನುಷ್ಯನನ್ನು ಹೀಗೆ ಅಲೆಸುದಾ? ನಿನಗೆ ಆ ಪೆಟ್ಟಿಗೆ ಬಿಟ್ರೆ ಬೇರೆ ಎಂಥದೂ ಕಾಣುದಿಲ್ವಾ ಮಾರಾಯ್ತಿ" ಎಂದರು.

ಹೊದಿಕೆ ಹೊದ್ದು ಕೂತು ಎದ್ದ ಶಿವಲಿಂಗಪ್ಪ ತಲೆಯಾಡಿಸಿದ. "ಅಕ್ಕೋರ, ಒಂದ ಮಾತ ಕೇಳಲೇನ್ರಿ? ಈ ವಾರ ಪೂರ್ತಿ ಮೋಡ. ಸೂರ್ಯಾನ ಮಾರಿ ಯಾರೂ ನೋಡಿಲ್ಲ. ಅಂಥಾ ದಿನಾನೂ ಬರೋಬ್ಬರಿ ಆರಕ್ಕ ಒದರತಾವಂತ ನೀವ ಅಂತೀರಿ. ಬೆಳಕ ಇಲ್ಲದ ಬೆಳಕ ಸೋರೂದು ಹೆಂಗ್ರಿ?"

ಎಂಥ ಪ್ರಶ್ನೆ! ಪಿಎಚ್.ಡಿ. ಪರೀಕ್ಷೆಗೆ ಬಂದ ದೊಡ್ಡವರು ಕೇಳಬೇಕಾದ ಪ್ರಶ್ನೆ. ನಾನು ಹೇಳಿದ್ದೇನು? "ಮೋಡ ಇದ್ದರೂ ಬೆಳಗಾಗುತ್ತದಲ್ಲ. ನಿಮಗೆ ಅದೆಲ್ಲ ತಿಳಿಯುವುದಿಲ್ಲ, ಹೊಲಿಗೆ ಸರಿ ಮಾಡಿ."

ಆಗಸ್ಟ್ ಕೊನೆಗೆ ಸರ್ ಮೇಲಿಂದ ಮೇಲೆ ಫೋನ್ ಮಾಡತೊಡಗಿದರು. ಕಮಿಟಿಗೆ ವರದಿ ಬೇಕು. ಮೂರನೆಯ ಸಲ ಹೊಲಿದ ಮರುದಿನ ಬೆಳಿಗ್ಗೆ, ನೋಡೇ ಬಿಡೋಣ ಎಂದು ಶಿವಲಿಂಗಪ್ಪನನ್ನು ಮೊದಲ ಲೋಕಲ್‌ಗೆ ಬರಹೇಳಿ ಕಂಪ್ಯೂಟರಿನ ಮುಂದೆ ಕೂರಿಸಿದೆ. ಆರಾಯಿತು. ಒಳಗಿನಿಂದ ಅಮ್ಮ ಎಂದಿನಂತೆ ಕೂಗಿದರು, "ನೀರು ಬಂತು, ಬಕೆಟ್ ಹಿಡಿ ಮಾರಾಯ್ತಿ!" ಪೀಂ, ಪೀಂ, ಪೀಂ.

ನನ್ನ ತಾಳ್ಮೆ ಕೆಟ್ಟಿತು. "ಇದು ರಸ್ತೆಬದಿಯಲ್ಲಿ ಕೊಡೆ ಹೊಲಿದ ಹಾಗಲ್ಲ. ನಿಮ್ಮನ್ನು ನಂಬಿ ನನ್ನ ಇಡೀ ಮಳೆಗಾಲ ಹಾಳಾಯಿತು" ಎಂದೆ.

ಅವನು ದನಿ ಎತ್ತಲಿಲ್ಲ. "ಕಣ್ಣಾರೆ ನೋಡಿದ್ದ ಹೇಳಾಕತ್ತೀನ್ರಿ. ಒಂದೂ ಚಿಕ್ಕಿ ಇಲ್ಲ."

ನಾನು ಲಾಗ್‌ಬುಕ್ ತೆಗೆದೆ. ಪ್ರಯೋಗದಲ್ಲಿ ದಿನದಿನದ ಆಗುಹೋಗು ಬರೆಯುವ ದಪ್ಪ ಪುಸ್ತಕ ಅದು. ಇಂಗ್ಲಿಷಿನಲ್ಲಿ ಎರಡು ಸಾಲು ಗೀಚಿದೆ. ಏನು ಬರೆದಿರಿ ಎಂದು ಕೇಳಿದ. ಮುಚ್ಚಿಡುವ ಮರ್ಯಾದೆಯೂ ನನಗಿರಲಿಲ್ಲ. "ಶಿವಲಿಂಗಪ್ಪನ ಹೊಲಿಗೆ ಸೋರುತ್ತಿದೆ, ಇಲ್ಲಿಯ ಕೈಕೆಲಸದಿಂದ ಈ ಪೆಟ್ಟಿಗೆ ಆಗುವುದಿಲ್ಲ ಅಂತ ಬರೆದಿದ್ದೇನೆ" ಎಂದೆ. ಅವನು ಸೂಜಿ ನೂಲು ಚೀಲಕ್ಕೆ ಹಾಕಿಕೊಂಡು, ಅಮ್ಮನಿಗೆ ಕೈಮುಗಿದು, ಮೆಟ್ಟಿಲಿಳಿದು ಹೋದ.

ಅದೇ ಎರಡು ಸಾಲು ವರದಿಗೆ ಹೋಯಿತು. ಒಂದು ಕಂಪನಿಯಿಂದ ಹೊಸ ಹೊದಿಕೆ ತರಿಸಿದೆವು. ಮೂರೇ ಬಂದವು, ನಾಲ್ಕನೆಯದು ಬರುವುದು ತಡವಾಯಿತು. ಎ, ಬಿ, ಸಿ ವಿಂಗಿಗೆ ಕಂಪನಿಯದು, ಡಿ ವಿಂಗಿನಲ್ಲಿ ಶಿವಲಿಂಗಪ್ಪನದೇ. ಮರುದಿನ ಆರಕ್ಕೆ? ಪೀಂ, ಪೀಂ, ಪೀಂ. ಆಗಲೂ ನಾನು ಡಿ ವಿಂಗಿನ ಹೊದಿಕೆಯನ್ನೇ ಬೈದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಬೈದೆ.

ಗಣಪತಿಗಳನ್ನು ನೀರಿಗೆ ಬಿಟ್ಟು ಒಂದು ವಾರವಾಗಿರಬೇಕು. ದೊಡ್ಡ ಪೈಪಿನ ರಿಪೇರಿ, ಒಂದು ದಿನ ನೀರಿಲ್ಲ ಎಂದು ಸೊಸೈಟಿಯ ಬೋರ್ಡಿನಲ್ಲಿ ಚೀಟಿ ಅಂಟಿಸಿದ್ದರು. ಅಮ್ಮ ಹಿಂದಿನ ದಿನವೇ ಕುಕ್ಕರಿನಿಂದ ಹಿಡಿದು ಇಡ್ಲಿ ಪಾತ್ರೆಯವರೆಗೆ ಎಲ್ಲದರಲ್ಲೂ ನೀರು ತುಂಬಿಸಿದ್ದರು. ರೂಢಿಯಂತೆ ನಾನು ಆರಕ್ಕೆ ಎದ್ದೆ. ಎಷ್ಟೋ ದಿನದ ಮೇಲೆ ಆಕಾಶ ತೊಳೆದಿಟ್ಟಂತಿತ್ತು. ಆರೂವರೆಗೆ ಎಳೆಬಿಸಿಲು ಬಂದು ಟೆರೇಸಿನ ಮೇಲೆಲ್ಲ ಬಿತ್ತು. ಕಂಪ್ಯೂಟರು ತುಟಿ ಪಿಟಕ್ಕೆನ್ನಲಿಲ್ಲ. ಕೆಟ್ಟಿದೆಯೋ ಎಂದು ತಂತಿಗಳನ್ನು ತಡಕಾಡುತ್ತಿದ್ದಾಗ ಅಡುಗೆಮನೆಯಿಂದ ಅಮ್ಮ ಹೇಳಿದರು, "ಇವತ್ತು ನೀರು ಇಲ್ಲ ಮಾರಾಯ್ತಿ, ಮಲಗು."

ನೀರಿಲ್ಲದ ದಿನ ಅರಚಾಟವೂ ಇಲ್ಲ! ನಾನು ಚಪ್ಪಲಿಯೂ ಹಾಕದೆ ಪಂಪಿನ ಕೋಣೆಗೆ ಓಡಿದೆ. ವಾಚ್‌ಮನ್ ಬೀಡಿ ಸೇದುತ್ತ ಕೂತಿದ್ದ. ದಿನಾ ಪಂಪ್ ಎಷ್ಟು ಗಂಟೆಗೆ ಹಾಕುತ್ತೀರಿ ಎಂದೆ. "ಛೇ ಬಜೇ. ಚಾರೋಂ ವಿಂಗ್ ಕಾ, ಏಕ್ ಸಾಥ್" ಎಂದ. ಆರಕ್ಕೆ, ನಾಲ್ಕೂ ವಿಂಗಿನದು ಒಟ್ಟಿಗೆ. ನಾಲ್ಕೂ ಪಂಪು ಮತ್ತು ನನ್ನ ನಾಲ್ಕೂ ಪೆಟ್ಟಿಗೆ ಒಂದೇ ಲೈನಿನಲ್ಲಿ. ಪಂಪಿನ ಹಳೆಯ ಸ್ಟಾರ್ಟರು ಕಟಕಟ ಎಂದಾಗಲೆಲ್ಲ ಕರೆಂಟು ಎಗರಿ, ನಾಲ್ಕೂ ಪೆಟ್ಟಿಗೆ ಒಟ್ಟಿಗೆ ಬೆಚ್ಚಿ ಅರಚುತ್ತಿದ್ದವು.

ಹುಟ್ಟಿದಾಗಿನಿಂದ ಈ ಊರಲ್ಲಿ ನೀರು ಬರುವ ಹೊತ್ತಿಗೆ ಎದ್ದು, ಅದೇ ಹೊತ್ತಿಗೆ ಮಿಂದು ಬೆಳೆದವಳು ನಾನು. ಅಮ್ಮ ದಿನಾ ಬೆಳಿಗ್ಗೆ ನನ್ನ ಕಿವಿಯಲ್ಲೇ ಕಾರಣವನ್ನು ಕೂಗುತ್ತಿದ್ದರು. ಜೂನ್‌ನಿಂದ ಆಗಸ್ಟ್‌ಗೆ ಸೂರ್ಯ ಹುಟ್ಟುವುದು ಇಪ್ಪತ್ತು ನಿಮಿಷ ತಡವಾಗಿತ್ತು, ಅರಚಾಟ ಮಾತ್ರ ಆರನ್ನು ಬಿಟ್ಟು ಕದಲಿರಲಿಲ್ಲ. ಅದೂ ನನ್ನದೇ ಲಾಗ್‌ಬುಕ್ಕಿನಲ್ಲಿ, ನನ್ನದೇ ಅಕ್ಷರದಲ್ಲಿ ಇತ್ತು. ಥೂ!

ಸರ್ ಹತ್ತಿರ ಓಡಿದೆ. ಅವರು ಸುಮ್ಮನೆ ಕೇಳಿಸಿಕೊಂಡು, "ಕಮಿಟಿ ಮುಗಿಯಿತಮ್ಮ. ಇಲ್ಲಿ ಆಗುವುದಿಲ್ಲ ಎಂದು ನೀವೇ ಬರೆದಿರಿ, ಆ ಹನ್ನೆರಡನ್ನು ಬೇರೆ ಯೋಜನೆಗೆ ಕೊಟ್ಟುಬಿಟ್ಟರು. ಇರುವ ನಾಲ್ಕನ್ನು ಓಡಿಸಿ" ಎಂದರು. ಹನ್ನೆರಡು ಪೆಟ್ಟಿಗೆ ಹೋಯಿತು. ಶಿವಲಿಂಗಪ್ಪನ ಸೂರೂ ಕುರ್ಚಿಯೂ ಹೋಯಿತು. ಅವನ ಮುಂದೆ ಹೋಗಿ ನಿಲ್ಲಲು ನನಗೆ ಮುಖವಿರಲಿಲ್ಲ. ಇವತ್ತು ನಾಳೆ ಎಂದು ದಿನ ತಳ್ಳಿದೆ. ಪೆಟ್ಟಿಗೆಗಳಿಗೆ ಬೇರೆ ಲೈನು ಎಳೆಸಿದೆ. ಅಷ್ಟರಲ್ಲಿ ಅಕ್ಟೋಬರಿನ ಬಿಸಿಲು ಬಂತು. ಆ ಬಿಸಿಲಿಗೆ ಕಂಪನಿಯ ಹೊದಿಕೆಗಳ ಅಂಟು ಬಿಟ್ಟುಕೊಂಡು ಮೂರೂ ಪೆಟ್ಟಿಗೆಗೆ ನಿಜವಾಗಿಯೂ ಬೆಳಕು ಸೋರಿತು. ಡಿ ವಿಂಗಿನದು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಏನು ಮಾಡಲಿ ಎಂದು ತಲೆ ಹಿಡಿದು ಕೂತಾಗ ಅಮ್ಮ ಮಂಚದಡಿಯಿಂದ ಒಂದು ಗಂಟು ಎಳೆದು ನನ್ನ ಮುಂದೆ ಹಾಕಿದರು. ಶಿವಲಿಂಗಪ್ಪನ ಮೂರೂ ಹೊದಿಕೆ, ಮಡಿಸಿ, ನುಸಿಗುಳಿಗೆ ಹಾಕಿ ಇಟ್ಟದ್ದು. "ಒಳ್ಳೆ ಕೆಲಸ ಅದು. ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ" ಎಂದರು.

ಅವನ್ನು ಹೊದಿಸಿದ ಒಂಬತ್ತನೆಯ ದಿನ, ಮಧ್ಯಾಹ್ನ ಮೂರರ ಸುಮಾರಿಗೆ, ಪಂಪು ಆಫ್, ಸೊಸೈಟಿಯೆಲ್ಲ ನಿದ್ದೆಯಲ್ಲಿ, ಒಂದೇ ಒಂದು ಸಲ ಪೀಂ ಎಂದಿತು. ಮತ್ತೆ ಮೌನ. ಪರದೆಯ ಮೇಲೆ ನಾಲ್ಕು ಗೆರೆ. ಬಿ ವಿಂಗಿನಲ್ಲಿ ಎತ್ತರ, ಡಿ ವಿಂಗಿನಲ್ಲಿ ಗಿಡ್ಡ, ಒಂದರ ಹಿಂದೊಂದು ಕೂದಲೆಳೆಯಷ್ಟು ತಡವಾಗಿ, ಮೇಲಿಂದ ಓರೆಯಾಗಿ ಬಂದದ್ದೆಂದು ಸ್ಪಷ್ಟವಾಗಿ ಹೇಳುವಂತೆ. ನೂರು ವರ್ಷಕ್ಕೊಂದು ಬರುವಷ್ಟು ದೊಡ್ಡದಲ್ಲ, ಆದರೆ ಅಪ್ಪಟ ಸುರಿಮಳೆ. ನಾನು ಅಮ್ಮನನ್ನು ಎಬ್ಬಿಸಿ ತೋರಿಸಿದೆ. "ಇಷ್ಟೇಯಾ?" ಎಂದು ಅವರು ಮಗ್ಗುಲು ಬದಲಿಸಿದರು. ನಾನು ಮಾತ್ರ ಅಳುತ್ತಿದ್ದೆ.

ಮರುದಿನ ಲಾಗ್‌ಬುಕ್ಕಿನಲ್ಲಿ ಆ ಗೆರೆಗಳ ಚಿತ್ರ ಅಂಟಿಸಿಕೊಂಡು ಬೈಕುಲ್ಲಾಕ್ಕೆ ಹೋದೆ. ಶಿವಲಿಂಗಪ್ಪ ಅಲ್ಲೇ ಇದ್ದ, ಸೇತುವೆಯ ಕೆಳಗೆ. ಮಳೆಗಾಲ ಮುಗಿದು ಗಿರಾಕಿಗಳಿರಲಿಲ್ಲ, ಬ್ಯಾಗಿಗೆ ಜಿಪ್ ಹಾಕುತ್ತಿದ್ದ. ನಿಂತೇ ಎಲ್ಲ ಹೇಳಿದೆ. ಪಂಪು, ಸ್ಟಾರ್ಟರು, ನೀರಿಲ್ಲದ ಬೆಳಿಗ್ಗೆ, ಹೋದ ಹನ್ನೆರಡು ಪೆಟ್ಟಿಗೆ, ಎಲ್ಲ. ತಪ್ಪಾಯಿತು ಎಂದೆ. ಅವನು ಜಿಪ್ಪು ಎಳೆದು ನೋಡಿ ಬ್ಯಾಗನ್ನು ಪಕ್ಕಕ್ಕಿಟ್ಟ.

"ನನ್ನ ಮಾತ ನಂಬಾಕ ನಿಮಗ ಊರ ನೀರ ನಿಲ್ಲಬೇಕಾತು" ಎಂದ. ಆಮೇಲೆ, "ಆ ಮಳಿ ಬಿತ್ತೇನ್ರಿ?" ಎಂದು ಕೇಳಿದ.

"ಬಿತ್ತು. ನಿಮ್ಮ ಬಟ್ಟೆಯೊಳಗೆ." ಚಿತ್ರ ತೋರಿಸಿದೆ. ನಾಲ್ಕೂ ಗೆರೆಯ ಮೇಲೆ ಬೆರಳಾಡಿಸಿ ನೋಡಿದ. ಆಮೇಲೆ ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ಮಗುಚುತ್ತ, "ನನ್ನ ಹೆಸರ ಬರದ್ರಲ್ಲ, ಅದ ಎಲ್ಲೈತ್ರಿ? ಅಳಿಸಿದ್ರೇನು?" ಎಂದ.

"ಈ ಪುಸ್ತಕದಲ್ಲಿ ಏನನ್ನೂ ಅಳಿಸುವ ಹಾಗಿಲ್ಲ. ತಪ್ಪಾದದ್ದರ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿನ ಅಕ್ಷರ ಕಾಣುವ ಹಾಗೆ. ಎಳೆದಿದ್ದೇನೆ, ನೋಡಿ."

ನೋಡಿದ. "ಅಂದ್ರ ಗೆರಿ ಕೆಳಗ ನನ್ನ ಹೆಸರ ಹಂಗ ಐತಿ. ಸೂರ ಹೋತು, ಹೋಗ್ಲಿ. ನಾಳೆ ಯಾರರೆ ಓದಿದ್ರ ಶಿವಲಿಂಗಪ್ಪಂದ ಏನೋ ತಪ್ಪಿತ್ತು ಅಂತಾರಲ್ರಿ. ಯಾರ ತಪ್ಪು ಅನ್ನೂದೂ ಬರೀರಿ. ನನಗ ಓದಾಕ ಬರೂವಂಗ ಬರೀರಿ."

ಅಲ್ಲೇ, ಅವನ ಸ್ಟೂಲಿನ ಮೇಲೆ ಕೂತು, ತಲೆಯ ಮೇಲೆ ಲಾರಿಗಳು ಗುಡುಗುತ್ತಿರಲು, ಆ ಇಂಗ್ಲಿಷ್ ಪುಸ್ತಕದಲ್ಲಿ ಕನ್ನಡದ ಒಂದೇ ಒಂದು ಸಾಲು ಬರೆದೆ: ಶಿವಲಿಂಗಪ್ಪನ ಹೊಲಿಗೆಯಲ್ಲಿ ದೋಷವಿರಲಿಲ್ಲ, ದೋಷ ನನ್ನದು. ಕೆಳಗೆ ಸಹಿ ಹಾಕಿದೆ.

ಅವನು ಪುಸ್ತಕ ತೆಗೆದುಕೊಂಡು, ಸೇತುವೆಯ ನೆರಳಿನಿಂದ ಎರಡು ಹೆಜ್ಜೆ ಹೊರಗೆ ಬಿಸಿಲಿಗೆ ಹೋಗಿ, ಅಕ್ಷರದ ಕೆಳಗೆ ಬೆರಳಿಟ್ಟು ತುಟಿಯಾಡಿಸುತ್ತ ಓದಿದ. ಮುಗಿಸಿ, ಇನ್ನೊಮ್ಮೆ ಮೊದಲಿನಿಂದ ಓದಿದ. ಆಮೇಲೆ ಪುಸ್ತಕ ಮುಚ್ಚಿ ನನ್ನ ಕೈಗಿಟ್ಟು, ನನ್ನ ಬ್ಯಾಗಿನಿಂದ ಹೊರಚಾಚಿದ್ದ, ಆ ಮಳೆಗಾಲದಲ್ಲಿ ಮತ್ತೆ ಹರಿದಿದ್ದ ಕೊಡೆಗೆ ಕೈಚಾಚಿದ.

"ಒಂದೂ ಚಿಕ್ಕಿ ಇಲ್ಲ ಬಿಡ್ರಿ ಅಕ್ಕೋರ" ಎಂದ. "ಅದನ್ನ ಕೊಡ್ರಿ ಇಲ್ಲಿ, ಹೊಲದ ಕೊಡ್ತೀನಿ."